ಒಂದೇ ಮನೆ, ಎರಡು ವಾಲ್ಯೂಮ್ ಗುಂಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಕೆಲವು ಹೆಂಚಿನ ಮನೆಗಳಲ್ಲಿ ಇಂದು ಎರಡು ತಲೆಮಾರಿನ ಧ್ವನಿಯಂತ್ರಗಳಿವೆ. ಮೊದಲನೆಯದು ಎಪ್ಪತ್ತು, ಎಂಬತ್ತರ ದಶಕದಲ್ಲಿ ಅಡಿಕೆಗೋ ಕಾಫಿಗೋ ಒಳ್ಳೆಯ ಧಾರಣೆ ಸಿಕ್ಕ ವರ್ಷ ಕೊಂಡು ತಂದ ಸ್ಟೀರಿಯೊ. ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್ ಇಲ್ಲವೆ ಕ್ಯಾಸೆಟ್ ಡೆಕ್, ಮರದ ಎರಡು ಸ್ಪೀಕರ್ ಪೆಟ್ಟಿಗೆ. ಎರಡನೆಯದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ತಂದಿಟ್ಟ ಹೋಮ್ ಥಿಯೇಟರ್. ಗೋಡೆಯಗಲದ ಟಿ.ವಿ., ಅದರ ಕೆಳಗೆ ಕಪ್ಪು ರಿಸೀವರ್, ಸುತ್ತ ಐದು ಸ್ಪೀಕರ್, ಮೂಲೆಯಲ್ಲಿ ಗುಡುಗಲೆಂದೇ ಇರುವ ಸಬ್‌ವೂಫರ್.

ಇವೆರಡೂ ಒಂದೇ ನಡುಮನೆಯಲ್ಲಿ ಬಾಳಬೇಕಾದಾಗ ತಕರಾರು ಹುಟ್ಟುವುದು ಎದುರಿನ ಎಡ-ಬಲ ಸ್ಪೀಕರುಗಳ ವಿಷಯದಲ್ಲಿ. ಸಂಗೀತಕ್ಕೂ ಅವು ಬೇಕು, ಸಿನಿಮಾಕ್ಕೂ ಅವು ಬೇಕು. ಟಿ.ವಿ.ಯ ಆಚೀಚೆ ನಾಲ್ಕು ಪೆಟ್ಟಿಗೆಗಳನ್ನು ಸಾಲಾಗಿ ಇಡುವಷ್ಟು ಜಾಗ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಕೊನೆಗೆ ಹಳೆಯ ಸ್ಟೀರಿಯೊ ಅಟ್ಟ ಹತ್ತುತ್ತದೆ. ಅಲ್ಲಿಂದ ಮುಂದೆ ಅದು ಇಲಿ ಮತ್ತು ಬೂಷ್ಟಿನ ಪಾಲು. ಹೋಗುವುದು ಯಂತ್ರ ಮಾತ್ರವಾಗಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಮನೆಯಲ್ಲಿರುವ ರೆಕಾರ್ಡು, ಕ್ಯಾಸೆಟ್ಟುಗಳು ಮಾತಾಡಲು ಇದ್ದ ಬಾಯಿಯೂ ಅದರೊಂದಿಗೆ ಹೋಗುತ್ತದೆ.

ಎರಡನ್ನೂ ಒಂದುಗೂಡಿಸುವ ದಾರಿ ಇದೆ. ಅದು ಅಷ್ಟು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಅದರ ಕೀಲಿಕೈ ಇರುವುದು ಪ್ರಿ-ಆಂಪ್ಲಿಫೈಯರ್ ಎಂಬ, ಹೆಸರಷ್ಟು ಜಂಬವಿಲ್ಲದ ಸಾಧನದಲ್ಲಿ.

ಧ್ವನಿ ಮನೆಗೆ ಬಂದ ಬಗೆ

ಕನ್ನಡ ನಾಡಿನ ಮನೆಗಳಿಗೆ ದೂರದ ಧ್ವನಿ ಬಂದದ್ದು ಮೊದಲು ಗ್ರಾಮಫೋನಿನಿಂದ, ಆಮೇಲೆ ಬಾನುಲಿಯಿಂದ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರವೊಂದನ್ನು ತೆರೆದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮಲೆನಾಡಿಗೆ ಬಾನುಲಿ ನಿಜವಾಗಿ ಹತ್ತಿರವಾದದ್ದು 1965ರಲ್ಲಿ, ಭದ್ರಾವತಿ ಕೇಂದ್ರ ಆರಂಭವಾದಾಗ. ಭದ್ರಾವತಿಗೆ ಸಮೀಪದ ನರಸಿಂಹರಾಜಪುರದಿಂದ ಹಿಡಿದು ಬೆಟ್ಟಗಳ ಮರೆಯ ಶೃಂಗೇರಿಯವರೆಗೆ ಕೃಷಿರಂಗವೂ ಚಿತ್ರಗೀತೆಯೂ ಹರಿದು ಬಂದವು. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪುಟ್ಟ ಪುಸ್ತಕ ಎಂಬತ್ತರ ದಶಕದ ಮಧ್ಯದವರೆಗೂ ಬಳಕೆಯಲ್ಲಿತ್ತು.

ಕ್ಯಾಸೆಟ್ ಬಂದ ಮೇಲೆ ಚಿತ್ರ ಬದಲಾಯಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಅಂಗೈಯಗಲದ ಡಬ್ಬಿ, ಕೇಳುವವನ ಕೈಗೆ ಧ್ವನಿಮುದ್ರಣದ ಅಧಿಕಾರವನ್ನೂ ಕೊಟ್ಟಿತು. 1978ರಲ್ಲಿ 'ನಿತ್ಯೋತ್ಸವ' ಹೊರಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳು ಮನೆಮನೆ ಸೇರಿದವು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕವಿತೆಗಳು ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಲ್ಲಿ ಓದು ಬಾರದವರ ಕಿವಿಯನ್ನೂ ಮುಟ್ಟಿದವು. ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಬಯಲಾಟದ ರಂಗಸ್ಥಳದ ಅಂಚಿನಲ್ಲಿ, ಮಳೆಗಾಲದ ತಾಳಮದ್ದಲೆಯ ಜಗಲಿಯಲ್ಲಿ, ಮದುವೆ ಮನೆಯ ಚಪ್ಪರದಲ್ಲಿ ಟೇಪ್ ರೆಕಾರ್ಡರುಗಳು ಕುಳಿತವು. ಅಂಗಡಿಯಲ್ಲಿ ಎಂದೂ ಮಾರಾಟಕ್ಕೆ ಬಾರದ ಧ್ವನಿಗಳು ಹೀಗೆ ಮನೆಗಳ ಕಪಾಟು ಸೇರಿದವು.

ಪ್ರಿ-ಆಂಪ್ಲಿಫೈಯರಿನ ಕೆಲಸ

ಆಂಪ್ಲಿಫೈಯರ್ ಎಂದು ನಾವು ಕರೆಯುವ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇಬ್ಬರು ಕೆಲಸಗಾರರಿರುತ್ತಾರೆ. ಸ್ಪೀಕರಿನ ಕೋನನ್ನು ತಳ್ಳಿ ಎಳೆಯಲು ಬೇಕಾದ ಶಕ್ತಿಯನ್ನು ಒದಗಿಸುವುದು ಪವರ್ ಆಂಪ್ಲಿಫೈಯರಿನ ಕೆಲಸ. ಅದಕ್ಕೆ ಸ್ವಂತ ವಿವೇಚನೆ ಇಲ್ಲ. ಬಂದ ಸಂಕೇತವನ್ನು ಗೊತ್ತಾದ ಪ್ರಮಾಣದಲ್ಲಿ ಹಿಗ್ಗಿಸಿ ಕೊಡುವುದಷ್ಟೇ ಅದಕ್ಕೆ ತಿಳಿದಿರುವುದು. ಯಾವ ಸಂಕೇತವನ್ನು ಬಿಡಬೇಕು, ಎಷ್ಟು ಬಿಡಬೇಕು ಎಂದು ತೀರ್ಮಾನಿಸುವುದು ಅದಕ್ಕಿಂತ ಮೊದಲಿರುವ ಪ್ರಿ-ಆಂಪ್ಲಿಫೈಯರ್. ರೇಡಿಯೊ, ಕ್ಯಾಸೆಟ್, ಸಿ.ಡಿ. ಎಂದು ಆರಿಸುವ ಗುಂಡಿ, ವಾಲ್ಯೂಮ್, ಬಾಸ್, ಟ್ರೆಬಲ್, ಎಡಬಲ ಸರಿದೂಗಿಸುವ ಬ್ಯಾಲೆನ್ಸ್, ಇವೆಲ್ಲ ಅದರ ಸೊತ್ತು. ತೋಟದ ಹೋಲಿಕೆ ಕೊಡುವುದಾದರೆ ಪವರ್ ಆಂಪ್ಲಿಫೈಯರ್ ಪಂಪ್‌ಸೆಟ್ಟು. ಯಾವ ಕಪ್ಪಿಗೆ ಎಷ್ಟು ನೀರು ಬಿಡಬೇಕೆಂದು ಗೇಟ್‌ವಾಲ್ವ್ ಹಿಡಿದು ನಿಂತವನು ಪ್ರಿ-ಆಂಪ್ಲಿಫೈಯರ್.

ರೆಕಾರ್ಡ್ ಪ್ಲೇಯರ್ ಇದ್ದ ಮನೆಯಲ್ಲಿ ಇದಕ್ಕೆ ಇನ್ನೊಂದು ಹೊಣೆಯೂ ಇರುತ್ತದೆ. ಸಿ.ಡಿ. ಪ್ಲೇಯರ್ ಗರಿಷ್ಠ ಸುಮಾರು 2 ವೋಲ್ಟ್ ಸಂಕೇತ ಕೊಟ್ಟರೆ, ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್‌ರಿಜ್‌ನ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರ ಭಾಗಗಳಲ್ಲಿ ಐದು. ಸಾಲದೆಂಬಂತೆ ರೆಕಾರ್ಡ್ ಕೊರೆಯುವಾಗ ದಪ್ಪ ಸ್ವರಗಳನ್ನು ಬೇಕೆಂದೇ ತಗ್ಗಿಸಿ, ಕೀರಲು ಸ್ವರಗಳನ್ನು ಏರಿಸಿರುತ್ತಾರೆ. ಹಾಗೆ ಮಾಡದಿದ್ದರೆ ದಪ್ಪ ಸ್ವರದ ಗೆರೆಗಳು ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲದು. ಮೇಲಿನ ಸ್ವರಗಳು ಮುಳ್ಳಿನ ಸರಬರ ಸದ್ದಿನಲ್ಲಿ ಮುಳುಗುತ್ತವೆ. 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮ ಇದಕ್ಕೊಂದು ಸಮಾನ ಅಳತೆ ಗೊತ್ತುಮಾಡಿತು. ಅದರಂತೆ ನುಡಿಸುವಾಗ 20 ಹರ್ಟ್ಸ್ ಬಳಿ ಸುಮಾರು 20 ಡೆಸಿಬೆಲ್ ಏರಿಸಿ, 20,000 ಹರ್ಟ್ಸ್ ಬಳಿ ಹೆಚ್ಚುಕಡಿಮೆ ಅಷ್ಟೇ ಇಳಿಸಬೇಕು. ಈ ತಿದ್ದುಪಡಿ ಮಾಡುವ 'ಫೋನೊ' ವಿಭಾಗ ಹಳೆಯ ಪ್ರಿ-ಆಂಪ್ಲಿಫೈಯರುಗಳಲ್ಲಿ ಇರುತ್ತಿತ್ತು. ಎಲ್ಲ ಹೋಮ್ ಥಿಯೇಟರುಗಳಲ್ಲೂ ಅದು ಇರುವುದಿಲ್ಲ. ರೆಕಾರ್ಡ್ ಪ್ಲೇಯರನ್ನು ಟಿ.ವಿ. ರಿಸೀವರಿನ ಯಾವುದೋ ತೂತಿಗೆ ಸಿಕ್ಕಿಸಿದವರಿಗೆ ಕ್ಷೀಣವಾದ, ತಗಡು ಬಡಿದಂಥ ಸದ್ದು ಕೇಳುವುದು ಇದೇ ಕಾರಣಕ್ಕೆ.

ಸಿನಿಮಾ ಮಂದಿರದಲ್ಲಿ ಹುಟ್ಟಿದ ಸ್ಟೀರಿಯೊ

ಸ್ಟೀರಿಯೊ ಸಂಗೀತಕ್ಕೆ, ಸುತ್ತುಧ್ವನಿ ಸಿನಿಮಾಕ್ಕೆ ಎಂದು ಇಂದು ಬೇರೆ ಬೇರೆಯಾಗಿ ಕಾಣುವ ಇವೆರಡೂ ಒಂದೇ ತಾಯಿಯ ಮಕ್ಕಳೆಂಬುದು ಸ್ವಾರಸ್ಯದ ಸಂಗತಿ. ಇಂಗ್ಲೆಂಡಿನ ಇಎಂಐ ಕಂಪನಿಯಲ್ಲಿದ್ದ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರ್ ಪತ್ನಿಯೊಂದಿಗೆ ಸಿನಿಮಾಕ್ಕೆ ಹೋಗಿದ್ದಾಗ, ನಟ ಪರದೆಯ ಒಂದು ತುದಿಯಲ್ಲಿದ್ದರೂ ಮಾತು ಇನ್ನೆಲ್ಲಿಂದಲೋ ಬರುವುದು ಅವರಿಗೆ ಸರಿಕಾಣಲಿಲ್ಲವಂತೆ. ಮಾತು ನಟನನ್ನು ಹಿಂಬಾಲಿಸುವಂತೆ ಮಾಡುವ ಉಪಾಯವನ್ನು ಅವರು 1931ರಲ್ಲಿ ಪೇಟೆಂಟಿಗೆ ಸಲ್ಲಿಸಿದರು. ಇಂದಿನ ಸ್ಟೀರಿಯೊದ ಬುನಾದಿ ಅದೇ. ಬ್ಲಮ್‌ಲೈನ್ 1942ರಲ್ಲಿ, ರೇಡಾರ್ ಪರೀಕ್ಷೆಗೆಂದು ಹಾರುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಸ್ಟೀರಿಯೊ ರೆಕಾರ್ಡುಗಳು ಅಂಗಡಿಗೆ ಬಂದದ್ದು ಅವರು ಹೋಗಿ ಹದಿನೈದು ವರ್ಷಗಳಾದ ಮೇಲೆ.

ಎರಡೇ ಸ್ಪೀಕರುಗಳಿಂದ ನಡುವಿನ ಗಾಯಕ ಹೇಗೆ ಕಾಣಿಸಿಕೊಳ್ಳುತ್ತಾನೆ? ತಾಳಮದ್ದಲೆ ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಎರಡು ಬದಿಯಲ್ಲಿ, ಹಿಮ್ಮೇಳ ನಡುವೆ. ಕಣ್ಣು ಮುಚ್ಚಿ ಕುಳಿತರೂ ಕೃಷ್ಣ ಎತ್ತ ಕುಳಿತಿದ್ದಾನೆ, ಕೌರವ ಎತ್ತ ಕುಳಿತಿದ್ದಾನೆ ಎಂದು ಕಿವಿ ಹೇಳುತ್ತದೆ. ಬಲಗಡೆಯ ಮಾತು ಬಲಗಿವಿಗೆ ತುಸು ಮೊದಲು, ತುಸು ಜೋರಾಗಿ ತಲುಪುತ್ತದೆ. ಈ ಅಂತರ ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಹಿಡಿಯುತ್ತದೆ. ಭಾಗವತರ ಪದ ಎರಡೂ ಕಿವಿಗೆ ಏಕಕಾಲಕ್ಕೆ, ಸಮನಾಗಿ ಮುಟ್ಟುವುದರಿಂದ ಅದು ನಡುವಿನದು. ಎರಡು ಸ್ಪೀಕರುಗಳಿಂದ ಒಂದೇ ಧ್ವನಿ ಸಮನಾಗಿ ಹೊರಟರೂ ಮಿದುಳು ಅದನ್ನು ನಡುವಿನ ಖಾಲಿ ಜಾಗದಲ್ಲಿ ಕೂರಿಸುತ್ತದೆ. ಅಲ್ಲಿ ಪೆಟ್ಟಿಗೆಯೂ ಇಲ್ಲ, ಮನುಷ್ಯನೂ ಇಲ್ಲ. ಕೇಳುವವನು ನಡುವೆ ಕುಳಿತಿರಬೇಕು ಎಂಬುದೊಂದೇ ಷರತ್ತು.

ಸಿನಿಮಾಕ್ಕೆ ಆ ಷರತ್ತು ಒಗ್ಗುವುದಿಲ್ಲ. ಪ್ರೇಕ್ಷಕರು ನೂರಾರು ಜನ, ಎಲ್ಲರೂ ನಡುವೆ ಕೂರಲಾರರು. ಹಾಗಾಗಿ ಮಾತಿಗೆಂದೇ ಪರದೆಯ ಹಿಂದೆ ನಡುವಿನ ಸ್ಪೀಕರ್ ಬಂತು. 1940ರಲ್ಲಿ ಡಿಸ್ನಿಯವರ 'ಫ್ಯಾಂಟೇಸಿಯಾ' ಕೆಲವೇ ಮಂದಿರಗಳಲ್ಲಿ ಬಹುವಾಹಿನಿ ಧ್ವನಿಯ ಪ್ರಯೋಗ ಮಾಡಿತು. 1977ರ 'ಸ್ಟಾರ್ ವಾರ್ಸ್' ಡಾಲ್ಬಿ ಸ್ಟೀರಿಯೊವನ್ನು ಜನಪ್ರಿಯಗೊಳಿಸಿತು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಡಾಲ್ಬಿ ಡಿಜಿಟಲ್ ಧ್ವನಿಯೊಂದಿಗೂ 1993ರ 'ಜುರಾಸಿಕ್ ಪಾರ್ಕ್' ಡಿಟಿಎಸ್ ಧ್ವನಿಯೊಂದಿಗೂ ತೆರೆಕಂಡವು. 1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ ಬಂದ ಮೇಲೆ ಮಂದಿರದ ಈ ಏರ್ಪಾಡು ಮನೆಗೆ ಇಳಿಯಿತು. 5.1 ಎಂಬ ಲೆಕ್ಕದಲ್ಲಿ ಐದು ಎಂದರೆ ಎದುರಿನ ಎಡ, ನಡು, ಬಲ ಮತ್ತು ಹಿಂಬದಿಯ ಎರಡು. ಬಿಂದುವಿನ ನಂತರದ ಒಂದು, ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗು ಮೊಳಗುಗಳಿಗೆಂದೇ ಇರುವ ಸಬ್‌ವೂಫರ್ ವಾಹಿನಿ.

ಇಬ್ಬರು ಯಜಮಾನರು

ಹೋಮ್ ಥಿಯೇಟರ್ ರಿಸೀವರಿನೊಳಗೆ ಸಂಕೇತವನ್ನು ಬಿಡಿಸಿ ಹಂಚುವ ಯಂತ್ರ, ಅದರದೇ ಪ್ರಿ-ಆಂಪ್ಲಿಫೈಯರ್, ಐದೋ ಏಳೋ ಪವರ್ ಆಂಪ್ಲಿಫೈಯರ್ ಎಲ್ಲವೂ ಅಡಕವಾಗಿರುತ್ತವೆ. ಅದರ ಒಂದೇ ವಾಲ್ಯೂಮ್ ಗುಂಡಿ ಐದು ಸ್ಪೀಕರನ್ನೂ ಒಟ್ಟಿಗೆ ಏರಿಸುತ್ತದೆ, ಒಟ್ಟಿಗೆ ಇಳಿಸುತ್ತದೆ. ಈ ಒಗ್ಗಟ್ಟು ಕೆಟ್ಟರೆ ಸಿನಿಮಾದ ಧ್ವನಿ ಕೆಟ್ಟಂತೆ. ಹಳೆಯ ಸ್ಟೀರಿಯೊಗೂ ಅದರದೇ ವಾಲ್ಯೂಮ್ ಗುಂಡಿ ಇದೆ. ಎದುರಿನ ಎರಡು ಸ್ಪೀಕರುಗಳು ಇಬ್ಬರ ಮಾತನ್ನೂ ಕೇಳಬೇಕು. ಮಲೆನಾಡಿನ ಕೂಡುಕುಟುಂಬ ಬಲ್ಲವರಿಗೆ ಈ ಸಮಸ್ಯೆ ಹೊಸದಲ್ಲ. ಮನೆಯಲ್ಲಿ ಹಿರಿಯರು ಎಷ್ಟಿದ್ದರೂ ಒಂದು ಹೊತ್ತಿಗೆ ಯಜಮಾನಿಕೆ ಒಬ್ಬರದೇ ಆಗಿರಬೇಕು. ಇಲ್ಲವಾದರೆ ಆಳುಗಳು ಯಾರ ಮಾತು ಕೇಳಬೇಕು?

ಮೊದಲು ಹೊಳೆಯುವ ಉಪಾಯವೇ ಅತ್ಯಂತ ಅಪಾಯದ್ದು. ಅದು ಎರಡೂ ಆಂಪ್ಲಿಫೈಯರುಗಳ ಸ್ಪೀಕರ್ ವೈರುಗಳನ್ನು ಒಂದೇ ಸ್ಪೀಕರಿಗೆ ಸುತ್ತುವುದು. ಹಾಗೆ ಮಾಡಿದರೆ ಒಂದು ಆಂಪ್ಲಿಫೈಯರಿನ ಶಕ್ತಿ ಇನ್ನೊಂದರ ಹೊಟ್ಟೆಗೆ ಹಿಮ್ಮುಖವಾಗಿ ನುಗ್ಗುತ್ತದೆ. ಒಂದು ಆಫ್ ಆಗಿದ್ದರೂ ಇದು ತಪ್ಪಿದ್ದಲ್ಲ. ಎರಡರಲ್ಲೊಂದು ಸುಡುವುದು ಬಹುತೇಕ ಖಚಿತ. ಎರಡು ಆಂಪ್ಲಿಫೈಯರುಗಳ ನಡುವೆ ಸ್ಪೀಕರನ್ನು ಬದಲಿಸುವ ಸ್ವಿಚ್ ಪೆಟ್ಟಿಗೆಗಳು ಸಿಗುತ್ತವೆ. ಅವು ಒಂದನ್ನು ಪೂರ್ತಿ ಕಡಿದ ಮೇಲೆಯೇ ಇನ್ನೊಂದನ್ನು ಸೇರಿಸುವಂಥವಾಗಿರಬೇಕು. ಮನೆಯಲ್ಲಿ ಎಲ್ಲರೂ ನೆನಪಿಟ್ಟು ಅದನ್ನು ತಿರುಗಿಸಬೇಕು.

ಇದಕ್ಕಿಂತ ಸುರಕ್ಷಿತ ದಾರಿ, ಜೋಡಣೆಯನ್ನು ಸ್ಪೀಕರಿನ ಬಳಿ ಮಾಡದೆ, ಸಂಕೇತ ಇನ್ನೂ ಸಣ್ಣದಾಗಿರುವ ಹಂತದಲ್ಲೇ ಮಾಡುವುದು. ರಿಸೀವರಿನ ಬೆನ್ನಲ್ಲಿ 'ಪ್ರಿ-ಔಟ್' ಎಂದು ಬರೆದ ತೂತುಗಳಿವೆಯೇ ಎಂದು ಮೊದಲು ನೋಡಬೇಕು. ಇದ್ದರೆ ಎದುರಿನ ಎಡ-ಬಲದ ಪ್ರಿ-ಔಟ್‌ನಿಂದ ಸಾಮಾನ್ಯ ಆಡಿಯೊ ಕೇಬಲ್ ತಂದು ಹಳೆಯ ಸ್ಟೀರಿಯೊ ಪ್ರಿ-ಆಂಪ್ಲಿಫೈಯರಿಗೆ ಕೊಡಬೇಕು. ಎದುರಿನ ಸ್ಪೀಕರುಗಳು ಶಾಶ್ವತವಾಗಿ ಹಳೆಯ ಸ್ಟೀರಿಯೊದ ಆಂಪ್ಲಿಫೈಯರಿಗೆ ಸೇರಿರುತ್ತವೆ. ನಡುವಿನ ಸ್ಪೀಕರ್, ಹಿಂಬದಿಯವು, ಸಬ್‌ವೂಫರ್ ರಿಸೀವರಿಗೇ ಸೇರಿರುತ್ತವೆ. ಹಾಡು ಕೇಳುವಾಗ ರಿಸೀವರನ್ನೂ ಟಿ.ವಿ.ಯನ್ನೂ ಆರಿಸಿಬಿಡಬಹುದು. ಸಿನಿಮಾದ ಹೊತ್ತಿಗೆ ಸ್ಟೀರಿಯೊ ರಿಸೀವರಿನ ಆಳಾಗಿ ದುಡಿಯುತ್ತದೆ.

ಬೈಪಾಸ್ ಎಂಬ ಒಳದಾರಿ

ಇಲ್ಲಿ ಯಜಮಾನಿಕೆಯ ಹಸ್ತಾಂತರ ಹೇಗೆ? ಈಚಿನ ಕೆಲವು ಸ್ಟೀರಿಯೊ ಪ್ರಿ-ಆಂಪ್ಲಿಫೈಯರುಗಳಲ್ಲಿ 'ಹೋಮ್ ಥಿಯೇಟರ್ ಬೈಪಾಸ್' ಎಂಬ ಪ್ರತ್ಯೇಕ ದ್ವಾರವಿರುತ್ತದೆ. ಅದರಿಂದ ಒಳಬಂದ ಸಂಕೇತ ವಾಲ್ಯೂಮ್, ಬಾಸ್, ಟ್ರೆಬಲ್ ಯಾವುದನ್ನೂ ಮುಟ್ಟದೆ ಬಂದಷ್ಟೇ ಗಾತ್ರದಲ್ಲಿ ಪವರ್ ಆಂಪ್ಲಿಫೈಯರಿಗೆ ದಾಟಿಹೋಗುತ್ತದೆ. ಆ ಹೊತ್ತಿನಲ್ಲಿ ಸ್ಟೀರಿಯೊದ ಗುಂಡಿ ತಿರುಗಿಸಿದರೂ ಏನೂ ಆಗುವುದಿಲ್ಲ. ಐದೂ ಸ್ಪೀಕರುಗಳ ಅಧಿಕಾರ ರಿಸೀವರಿನದು. ಹಳೆಯ ಕೆಲವು ಆಂಪ್ಲಿಫೈಯರುಗಳಲ್ಲಿ ಬೆನ್ನಿನ ಮೇಲೆ 'ಪ್ರಿ-ಔಟ್' ಮತ್ತು 'ಮೇನ್-ಇನ್' ಎಂಬ ಎರಡು ಜೊತೆ ತೂತುಗಳಿದ್ದು, ಅವನ್ನು ಬಾಗಿದ ಲೋಹದ ಕೊಂಡಿ ಕೂಡಿಸಿರುತ್ತದೆ. ಯಂತ್ರ ಆರಿಸಿ, ಆ ಕೊಂಡಿ ತೆಗೆದು, ನಡುವೆ ಸ್ವಿಚ್ ಹಾಕಿಸಿದರೆ ಅಲ್ಲೂ ಇದೇ ಸೌಲಭ್ಯ ದೊರೆಯುತ್ತದೆ. ಊರಿನ ರೇಡಿಯೊ ರಿಪೇರಿಯವರಿಗೆ ಇದು ಅರ್ಧ ದಿನದ ಕೆಲಸ.

ಬೈಪಾಸ್ ಇಲ್ಲವೆಂದು ನಿರಾಶರಾಗಬೇಕಿಲ್ಲ. 'ಆಕ್ಸ್' ಎಂಬ ಯಾವುದಾದರೂ ಸಾಮಾನ್ಯ ದ್ವಾರ ಸಾಕು. ಆಗ ಸ್ಟೀರಿಯೊದ ವಾಲ್ಯೂಮ್ ಗುಂಡಿಯನ್ನು ಒಂದು ನಿಶ್ಚಿತ ಜಾಗಕ್ಕೆ, ಹೇಳುವುದಾದರೆ ಗಡಿಯಾರದ ಹನ್ನೆರಡು ಗಂಟೆಯ ನೇರಕ್ಕೆ, ತಂದು ನಿಲ್ಲಿಸಿ ಅಲ್ಲೊಂದು ಬಣ್ಣದ ಚುಕ್ಕಿ ಇಡಬೇಕು. ಬಾಸ್, ಟ್ರೆಬಲ್, ಬ್ಯಾಲೆನ್ಸ್ ನಡುವಿನಲ್ಲಿರಲಿ. 'ಲೌಡ್‌ನೆಸ್' ಗುಂಡಿ ಇದ್ದರೆ ಅದು ಆಫ್ ಆಗಿರಲಿ. ಬಳಿಕ ರಿಸೀವರಿನ ಜೊತೆ ಬಂದ ಪುಟ್ಟ ಮೈಕನ್ನು ಕೂರುವ ಜಾಗದಲ್ಲಿಟ್ಟು ಅದರ ಪರೀಕ್ಷಾ ಧ್ವನಿಯನ್ನು ಓಡಿಸಿದರೆ, ಎದುರಿನ ಸ್ಪೀಕರುಗಳು ಉಳಿದವುಗಳಿಗಿಂತ ಎಷ್ಟು ಜೋರು, ಎಷ್ಟು ದೂರ ಎಂದು ಅಳೆದು ಅದೇ ಸರಿಪಡಿಸಿಕೊಳ್ಳುತ್ತದೆ. ಈ ತಿದ್ದುಪಡಿಗೆ ಸಾಮಾನ್ಯವಾಗಿ ಮೇಲೆ ಕೆಳಗೆ 10ರಿಂದ 12 ಡೆಸಿಬೆಲ್ ಅವಕಾಶವಿರುತ್ತದೆ. ಅದು ಸಾಲದಿದ್ದರೆ ಚುಕ್ಕಿಯ ಜಾಗ ಬದಲಿಸಿ ಮತ್ತೊಮ್ಮೆ ಅಳೆಯಬೇಕು. ಅಲ್ಲಿಂದ ಮುಂದೆ ಸಿನಿಮಾ ಎಂದರೆ ಗುಂಡಿ ಚುಕ್ಕಿಗೆ ಬರಬೇಕೆಂಬುದು ಮನೆಯ ಕಟ್ಟಳೆ. ಸಿನಿಮಾ ಮುಗಿದ ಮೇಲೆ ಅದನ್ನು ಇಳಿಸಿಡುವುದೂ ಅಷ್ಟೇ ಮುಖ್ಯ. ಮರೆತು ಬೆಳಿಗ್ಗೆ ಸುಪ್ರಭಾತದ ಸಿ.ಡಿ. ಹಾಕಿದರೆ ನೆರೆಕೆರೆಗೆಲ್ಲ ಸುಪ್ರಭಾತವಾಗುತ್ತದೆ.

ಕೆಲವು ಎಚ್ಚರಿಕೆಗಳಿವೆ. ಬೈಪಾಸ್ ದ್ವಾರಕ್ಕೆ ಸಿ.ಡಿ. ಪ್ಲೇಯರಿನಂಥ, ಸ್ವಂತ ವಾಲ್ಯೂಮ್ ಇಲ್ಲದ ಸಾಧನವನ್ನು ಎಂದೂ ಸಿಕ್ಕಿಸಬಾರದು. ತಡೆಯುವವರೇ ಇಲ್ಲದೆ ಪೂರ್ಣ ಸಂಕೇತ ಸ್ಪೀಕರಿಗೆ ಹೋಗಿ ಕೋನು ಹರಿಯುತ್ತದೆ. ಸ್ಟೀರಿಯೊದಿಂದ ರಿಸೀವರಿಗೂ ರಿಸೀವರಿನಿಂದ ಸ್ಟೀರಿಯೊಗೂ ಏಕಕಾಲಕ್ಕೆ ಕೇಬಲ್ ಕೊಟ್ಟರೆ ಸಂಕೇತ ತನ್ನ ಬಾಲವನ್ನು ತಾನೇ ನುಂಗುವ ಹಾವಿನಂತೆ ಸುತ್ತಿ ಊಳಿಡಬಹುದು. ಕೆಲವು ಪ್ರಿ-ಆಂಪ್ಲಿಫೈಯರುಗಳು, ಅದರಲ್ಲೂ ಕೆಲವು ವಾಲ್ವ್ ಮಾದರಿಗಳು, ಸಂಕೇತವನ್ನು ತಲೆಕೆಳಗು ಮಾಡಿ ಕೊಡುತ್ತವೆ. ಆಗ ಎದುರಿನ ಸ್ಪೀಕರುಗಳು ಹೊರಕ್ಕೆ ತಳ್ಳುವಾಗ ನಡುವಿನದು ಒಳಕ್ಕೆ ಎಳೆಯುತ್ತದೆ, ಧ್ವನಿ ತೆಳ್ಳಗಾಗುತ್ತದೆ. ಎದುರಿನ ಎರಡೂ ಸ್ಪೀಕರುಗಳ ಕೆಂಪು, ಕಪ್ಪು ವೈರುಗಳನ್ನು ಅದಲುಬದಲು ಮಾಡಿದರೆ ಅದಕ್ಕೆ ಪರಿಹಾರ. ಇನ್ನು ಅಗ್ಗದ, ಒಂದೇ ಡಬ್ಬದಲ್ಲಿ ಬರುವ ಹೋಮ್ ಥಿಯೇಟರುಗಳಲ್ಲಿ ಪ್ರಿ-ಔಟ್ ಇರುವುದಿಲ್ಲ. ಅಂಥ ಕಡೆ ಜೋಡಣೆಗೆ ಒದ್ದಾಡುವ ಬದಲು ಎರಡನ್ನೂ ಎರಡು ಕೋಣೆಯಲ್ಲಿಡುವುದೇ ಜಾಣತನ.

ಮಳೆ, ಮಿಂಚು, ಅರ್ತಿಂಗ್

ಪುಸ್ತಕದ ಈ ವಿವರಗಳಿಗೆ ಮಲೆನಾಡು ತನ್ನದೇ ಅಡಿಟಿಪ್ಪಣಿ ಸೇರಿಸುತ್ತದೆ. ಎರಡು ಯಂತ್ರಗಳನ್ನು ಕೂಡಿಸಿದಾಗ ಮೊದಲು ಕೇಳುವುದು ಗುಂಯ್ ಎನ್ನುವ ಸದ್ದು. ಅದು 50 ಹರ್ಟ್ಸಿನ ವಿದ್ಯುತ್ತಿನ ನೆರಳು. ಎರಡು ಯಂತ್ರಗಳು ಬೇರೆ ಬೇರೆ ಬೋರ್ಡುಗಳಿಂದ ಕರೆಂಟ್ ಪಡೆದಾಗ, ಅಥವಾ ಡಿಶ್‌ನ ಕೇಬಲ್ ಮೂಲಕ ಇನ್ನೊಂದು ಭೂಸಂಪರ್ಕ ಒಳಬಂದಾಗ, ಅರ್ತಿಂಗ್‌ಗಳ ನಡುವಿನ ಸಣ್ಣ ವ್ಯತ್ಯಾಸ ಆಡಿಯೊ ಕೇಬಲ್‌ನಲ್ಲಿ ಹರಿಯುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದರೆ ಹೆಚ್ಚಿನ ಸಲ ಅದು ಅಡಗುತ್ತದೆ. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನೇ ಕಿತ್ತುಹಾಕುವ ರೂಢಿ ಅಲ್ಲಲ್ಲಿ ಇದೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ. ಒದ್ದೆ ನೆಲ, ಒದ್ದೆ ಗೋಡೆಯ ಮನೆಯಲ್ಲಂತೂ ಅರ್ತಿಂಗ್ ಪಿನ್ ಮುಟ್ಟಲೇಬಾರದು.

ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಬೇಕು, ಡಿಶ್ ಮತ್ತು ಇಂಟರ್ನೆಟ್ ವೈರುಗಳನ್ನೂ ಬಿಡಿಸಬೇಕು. ಜೋಡಿಸಿದ ಯಂತ್ರಗಳಲ್ಲಿ ಒಂದಕ್ಕೆ ಬಡಿದ ಏಟು ಕೇಬಲ್ ಹಿಡಿದು ಇನ್ನೊಂದಕ್ಕೂ ದಾಟುತ್ತದೆ ಎಂಬುದು ಈ ಜಂಟಿ ಸಂಸಾರದ ಕಷ್ಟ. 230 ವೋಲ್ಟ್ ಇರಬೇಕಾದ ಕರೆಂಟ್ ಗಾಳಿಮಳೆಯಲ್ಲಿ ಏರಿಳಿಯುವುದರಿಂದ ಸ್ಟೆಬಿಲೈಸರ್ ಬೇಕಾಗುತ್ತದೆ.

ಆಮೇಲಿನ ಶತ್ರು ತೇವ. ನರಸಿಂಹರಾಜಪುರಕ್ಕಿಂತ ಶೃಂಗೇರಿಯ ಕಡೆ ಮಳೆ ಹೆಚ್ಚು, ಆದರೆ ಜುಲೈ ತಿಂಗಳಲ್ಲಿ ಮೂರೂ ಕಡೆ ಬೂಷ್ಟು ತಪ್ಪಿದ್ದಲ್ಲ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಎನ್ನುವುದು, ಒಂದು ಬದಿ ಆಗಾಗ ಮೌನವಾಗುವುದು, ಇವು ಒಳಗಿನ ಸಂಪರ್ಕಗಳು ಕಿಲುಬು ಹಿಡಿದುದರ ಗುರುತು. ಮಳೆಗಾಲದಲ್ಲಿ ದಿನಕ್ಕೆ ಒಂದು ತಾಸಾದರೂ ಯಂತ್ರವನ್ನು ಓಡಿಸಿದರೆ ಅದರ ಬಿಸಿಯೇ ಅದನ್ನು ಕಾಯುತ್ತದೆ. ಗೂಡು ಕಟ್ಟುವ ಇರುವೆ, ಬೆಚ್ಚಗಿರಲು ಒಳಸೇರುವ ಹಲ್ಲಿ, ಇವುಗಳ ಮೇಲೂ ಒಂದು ಕಣ್ಣಿರಬೇಕು.

ಕೋಣೆಯ ವಿಷಯದಲ್ಲಿ ಮಾತ್ರ ಹಳೆಯ ಮನೆಗಳು ಅದೃಷ್ಟಶಾಲಿಗಳು. ಮರದ ಮುಚ್ಚಿಗೆ, ಮಣ್ಣಿನ ಗೋಡೆ, ಬಾಗಿಲ ಮೇಲಿನ ಕೆತ್ತನೆ ಇವು ಧ್ವನಿಯನ್ನು ಹಿತವಾಗಿ ಹೀರಿ ಚದುರಿಸುತ್ತವೆ. ತಾರಸಿಯ ಹೊಸ ಮನೆಯ ನುಣುಪು ಗೋಡೆ, ಟೈಲ್ಸ್ ನೆಲ ಅದನ್ನು ಚೆಂಡಿನಂತೆ ಪುಟಿಸುತ್ತವೆ. ಅಂಥಲ್ಲಿ ಸ್ಪೀಕರಿನ ಮುಂದೆ ಒಂದು ಜಮಖಾನ ಹಾಸಿದರೂ ವ್ಯತ್ಯಾಸ ತಿಳಿಯುತ್ತದೆ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಮಾತ್ರ ಯಾವ ಆಂಪ್ಲಿಫೈಯರೂ ಗೆಲ್ಲಲಾರದು. ವಾಲ್ಯೂಮ್ ಏರಿಸುತ್ತ ಹೋದರೆ ಸುಡುವುದು ಸ್ಪೀಕರು.

ಟೇಪಿನಲ್ಲಿ ಉಳಿದವರು

ಇಷ್ಟೆಲ್ಲ ತಾಪತ್ರಯ ಏಕೆ, ಒಳ್ಳೆಯ ರಿಸೀವರ್ ಒಂದೇ ಸಾಲದೆ ಎಂದು ಕೇಳಬಹುದು. ಹೊಸ ಹಾಡು, ಹೊಸ ಸಿನಿಮಾ ಮಾತ್ರ ಬೇಕಾದವರಿಗೆ ಖಂಡಿತ ಸಾಕು. ಇಂದಿನ ರಿಸೀವರುಗಳು ಸ್ಟೀರಿಯೊ ಹಾಡನ್ನೂ ಚೆನ್ನಾಗಿಯೇ ನುಡಿಸುತ್ತವೆ. ಹಳೆಯ ಪ್ರಿ-ಆಂಪ್ಲಿಫೈಯರಿನ ಬೆಲೆ ಇರುವುದು ಅದು ತೆರೆದಿಡುವ ಬಾಗಿಲುಗಳಲ್ಲಿ.

ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರ ಉದಾಹರಣೆ ನೋಡಬಹುದು. 1958ರಲ್ಲಿ ಹುಟ್ಟಿದ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಹಾಡಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಇಂದಿನ ತಲೆಮಾರು ಅವರ ಕಂಠವನ್ನು ಕೇಳುತ್ತಿರುವುದು ಅಂದು ಯಾರೋ ಟೇಪಿಗೆ ಹಿಡಿದದ್ದರಿಂದ. ಹೆಸರಾದವರ ಕ್ಯಾಸೆಟ್ಟುಗಳನ್ನು ಅಭಿಮಾನಿಗಳು ಉಳಿಸಿದ್ದಾರೆ. ಹೆಸರಾಗದ ಊರ ಭಾಗವತರ ಪದ, ಊರ ಅರ್ಥಧಾರಿಗಳ ವಾದ, ಅಜ್ಜಿ ಹಾಡಿದ ಶೋಭಾನೆ, ಹಸೆ ಹಾಡು, ಇವುಗಳ ಪ್ರತಿ ಇರುವುದು ಒಂದೇ ಮನೆಯಲ್ಲಿ, ಒಂದೇ ಕ್ಯಾಸೆಟ್ಟಿನಲ್ಲಿ. ಅದಕ್ಕೆ ಬೂಷ್ಟು ಹಿಡಿದರೆ ಆ ಧ್ವನಿ ಮತ್ತೆ ಸಿಗುವುದಿಲ್ಲ.

ಅದನ್ನು ಉಳಿಸುವ ಉಪಕರಣ ಸ್ಟೀರಿಯೊದ ಬೆನ್ನಲ್ಲೇ ಇದೆ. 'ಟೇಪ್ ಔಟ್' ಎಂಬ ತೂತಿನಿಂದ ಹೊರಡುವ ಸಂಕೇತ ಸಾಮಾನ್ಯವಾಗಿ ವಾಲ್ಯೂಮ್ ಗುಂಡಿಗಿಂತ ಮೊದಲೇ ಕವಲೊಡೆದಿರುತ್ತದೆ. ಮನೆಯವರು ಧ್ವನಿ ಏರಿಸಲಿ ಇಳಿಸಲಿ, ಅಲ್ಲಿ ವ್ಯತ್ಯಾಸವಾಗದು. ಅಲ್ಲಿಂದ ಒಂದು ಕೇಬಲ್ ತಂದು, ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಸಾಧನದ ಮೂಲಕ ಕಂಪ್ಯೂಟರಿಗೆ ಕೊಟ್ಟರೆ ಕ್ಯಾಸೆಟ್ ನುಡಿದಂತೆಯೇ ದಾಖಲಾಗುತ್ತದೆ. ಸಿ.ಡಿ. ಮಟ್ಟದ ಗುಣದಲ್ಲಿ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂ.ಬಿ., 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 950 ಎಂ.ಬಿ. ಜಾಗ ಸಾಕು. ಇಂದಿನ ಬೆರಳುದ್ದದ ಪೆನ್‌ಡ್ರೈವಿನಲ್ಲಿ ಒಂದು ಕಪಾಟಿನ ಕ್ಯಾಸೆಟ್ಟುಗಳು ಅಡಗುತ್ತವೆ. ಮೂಲಪ್ರತಿಯನ್ನು ಎಂಪಿ3 ಮಾಡಿ ಕುಗ್ಗಿಸದಿರುವುದು, ಎರಡು ಕಡೆ ಪ್ರತಿ ಇಡುವುದು, ಯಾರ ಧ್ವನಿ, ಯಾವ ಪ್ರಸಂಗ, ಯಾವ ವರ್ಷ ಎಂದು ಬರೆದಿಡುವುದು, ಈ ಮೂರು ಮುಖ್ಯ. ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ಒಳ್ಳೆಯ ಡೆಕ್ಕಿಗೆ ನೇರವಾಗಿ ಹಾಕಬಾರದು. ಬೂಷ್ಟು ಹೆಡ್ಡಿಗೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಮೊದಲು ಒಣಗಿಸಿ ಒರೆಸಬೇಕು, ಪ್ರತಿ ಸಲವೂ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಸ್ವಚ್ಛಗೊಳಿಸಬೇಕು.

ಒಂದೇ ಮೈಕಿನಲ್ಲಿ ಹಿಡಿದ ಇಂಥ ಮನೆಯ ಮುದ್ರಣಗಳನ್ನು ಕೇಳುವಾಗ ಸುತ್ತುಧ್ವನಿಯ ಆಸೆಗೆ ಬೀಳಬಾರದು. ರಿಸೀವರ್ ಅದನ್ನು ಐದು ಕಡೆ ಹರಡಿ, ಸಭಾಂಗಣದ ಪ್ರತಿಧ್ವನಿ ಸೇರಿಸಿದರೆ ಅರ್ಥಧಾರಿಯ ಮಾತು ಕಲಸುಮೇಲೋಗರವಾಗುತ್ತದೆ. ಎರಡು ಸ್ಪೀಕರು ಸಾಕು, ನಡುವೆ ಕೂತರೆ ಸಾಕು. ಆಗ ಪೆಟ್ಟಿಗೆಯೇ ಇಲ್ಲದ ನಡುವಿನ ಜಾಗದಲ್ಲಿ ಮದ್ದಲೆ ನುಡಿಯುತ್ತದೆ, ಭಾಗವತರು ಪದ ಎತ್ತುತ್ತಾರೆ. ಮೊಮ್ಮಕ್ಕಳು ರಾತ್ರಿ ಅದೇ ಸ್ಪೀಕರುಗಳಲ್ಲಿ ಡೈನೊಸಾರಿನ ಘರ್ಜನೆ ಕೇಳಲಿ. ಹಗಲಿನಲ್ಲೊಮ್ಮೆ ಹಿರಿಯರ ದನಿಗೂ ಅವು ಬಿಡುವಾಗಿದ್ದರೆ, ಎರಡು ಗುಂಡಿಗಳ ಸಂಸಾರ ಸುಸೂತ್ರವಾಗಿ ಸಾಗಿದಂತೆಯೇ.